ಮೀನು ಘಟಸರ್ಪವಾದುದು

1996ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಪೋಕೆಮಾನ್’ ಎಂಬ ವಿಡಿಯೋ ಆಟದಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಿಸಬೇಕು. ಅವುಗಳಲ್ಲಿ ಮ್ಯಾಜಿಕಾರ್ಪ್ ಎಂಬುದು ಒಂದು ಕೆಂಪು ಮೀನು. ಮೊದಮೊದಲು ಅದು ಬಲ್ಲುದು ಚಿಮ್ಮುವುದೊಂದನ್ನೇ. ಅದರಿಂದ ವೈರಿಯ ಕೂದಲೂ ಕೊಂಕದು.

“ಇದನ್ನೇಕೆ ಸಾಕುತ್ತೀಯಪ್ಪಾ? ಬಿಟ್ಟುಬಿಡು” ಎಂದೆವು.

“ಇರಲಿ, ತಾತ” ಎಂದು ನಮ್ಮ ಮೊಮ್ಮಗನು ಮೀನನ್ನು ಕಾಳಗಕ್ಕಿಳಿಸಿ, ಕೂಡಲೇ ಹಿಂದೆಗೆದು, ಬೇರೊಂದು ಪ್ರಾಣಿಯಿಂದ ಗೆಲ್ಲುತ್ತಿದ್ದನು. ಕಣಕ್ಕಿಳಿದ ಮಾತ್ರಕ್ಕೆ ಗೆಲುವಿನ ಅನುಭವದಲ್ಲಿ ಮೀನಿಗೂ ಪಾಲುಂಟು! 20ನೆಯ ಮಟ್ಟವನ್ನು ಮುಟ್ಟಿದೊಡನೆ ಅದು ಗ್ಯಾರಡಾಸ್ ಎಂಬ ಭಯಂಕರ ರೂಪವನ್ನು ತಾಳಿತು. ಪ್ರವಾಹಕ್ಕೆದುರಾಗಿ ಈಜಿ ಹೆಬ್ಬಾಗಿಲನ್ನು ಹಾರಿದ ಗೆಂಡೆಮೀನು ಘಟಸರ್ಪವಾಗುವುದೆಂಬ ಚೀನದ ಪ್ರಾಚೀನ ಕಥೆಯನ್ನೇ ಇದು ನೆನಪಿಗೆ ತರುತ್ತದೆ.

ನಾವೋ, ಶಬ್ದರೂಪಗಳು ಬಾರದ ಎಷ್ಟು ಹುಡುಗರನ್ನು ಹಿಂದಿನ ಬೆಂಚಿಗೆ ಕಳುಹಿಸಿದ್ದೆವೋ! ಆ ರಾತ್ರಿ ಅವರ ಹೆಸರುಗಳನ್ನು ಒಂದೊಂದಾಗಿ ನೆನೆಯುತ್ತ ಮಲಗಿದೆವು.