ಹೆಡರ್ ಕಟ್ಟುವವರ ಲೆಕ್ಕಾಚಾರ

ಕಾರಿನ ಸೈಲೆನ್ಸರ್ ತೆಗೆಸಿ ದಪ್ಪ ಪೈಪ್ ಹಾಕಿಸಿದರೆ ಸದ್ದು ಖಂಡಿತ ಹೆಚ್ಚುತ್ತದೆ; ಶಕ್ತಿ ಹೆಚ್ಚುವುದು ಅಪರೂಪ. ಶಕ್ತಿಯ ಕೆಲಸ ನಡೆಯುವುದು ಇನ್ನೊಂದು ತುದಿಯಲ್ಲಿ, ಎಂಜಿನ್ನಿಗೇ ಬೋಲ್ಟ್ ಮಾಡಿರುವ ಹೆಡರ್‌ನಲ್ಲಿ. ನಾಲ್ಕು ಸಿಲಿಂಡರ್‌ಗಳ ಹೊಗೆಯನ್ನು ಒಂದೆಡೆ ತಂದು ಸೇರಿಸುವ ಈ ಪೈಪುಗಳ ಗೊಂಚಲನ್ನು ಕೈಯಾರೆ ಕಟ್ಟುವವರ ಜಾಣ್ಮೆಗೆ ನಾನು ಮನಸೋತಿದ್ದೇನೆ.

ಎಕ್ಸಾಸ್ಟ್ ವಾಲ್ವ್ ತೆರೆದಾಗ ಸುಟ್ಟ ಅನಿಲ ಪೈಪಿಗೆ ನುಗ್ಗುತ್ತದೆ, ಅದರೊಂದಿಗೆ ಒತ್ತಡದ ಅಲೆಯೊಂದು ಹೊರಡುತ್ತದೆ. ಪೈಪು ಅಗಲವಾಗುವ ಕಡೆ ಆ ಅಲೆ ಹಿಂದಿರುಗುತ್ತದೆ, ಈ ಸಲ ಎಳೆಯುವ ಅಲೆಯಾಗಿ. ಆ ಹೊತ್ತಿಗೆ ಇಂಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳೆರಡೂ ತುಸು ತೆರೆದಿದ್ದರೆ, ಅದು ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಯನ್ನೂ ಒಳಕ್ಕೆ ಸೆಳೆಯುತ್ತದೆ. 6000 ಆರ್‌ಪಿಎಂನಲ್ಲಿ ಎಂಜಿನ್ ಸೆಕೆಂಡಿಗೆ 100 ಸುತ್ತು ಸುತ್ತುತ್ತಿರುತ್ತದೆ. ಅಷ್ಟರಲ್ಲಿ ಅಲೆ ತಕ್ಕ ಗಳಿಗೆಗೆ ಬರಬೇಕು. ಆ ಗಳಿಗೆಯನ್ನು ನಿರ್ಧರಿಸುವುದು ಪೈಪಿನ ಉದ್ದ. ಉದ್ದನೆಯದು ಕಡಿಮೆ ಆರ್‌ಪಿಎಂಗೆ, ಗಿಡ್ಡನೆಯದು ಹೆಚ್ಚಿನದಕ್ಕೆ ಒದಗುತ್ತದೆ. ಪೈಪು ಅತಿ ದಪ್ಪವಾದರೆ ಅನಿಲದ ವೇಗವೇ ಕುಂದುತ್ತದೆ.

ಹಾಗಾಗಿ ನಾಲ್ಕೂ ಪೈಪುಗಳ ಉದ್ದ ಒಂದೇ ಇರಬೇಕು. ಬಾನೆಟ್ಟಿನೊಳಗೆ ಜಾಗ ಎಲ್ಲಿದೆ? ಹತ್ತಿರದ ಪೈಪನ್ನು ಬೇಕೆಂದೇ ಸುತ್ತು ಹಾಕಿಸಿ ತರುತ್ತಾರೆ. ಒಳಗಿನ ದುಂಡು ಚಪ್ಪಟೆಯಾಗದಂತೆ ಬಗ್ಗಿಸಿದ ಮ್ಯಾಂಡ್ರೆಲ್ ಬೆಂಡ್‌ಗಳನ್ನು ತುಂಡರಿಸಿ, ಅರದಿಂದ ಅಂಚು ಉಜ್ಜಿ, ಬೆಳಕು ತೂರದಷ್ಟು ಕೂಡಿಸಿ, ಮೊದಲು ಚುಕ್ಕೆ ವೆಲ್ಡ್ ಹಾಕುತ್ತಾರೆ. ಕಾರಿಗೆ ತೊಡಿಸಿ ನೋಡಿ, ಬಿಚ್ಚಿ, ಮತ್ತೆ ತಿದ್ದುತ್ತಾರೆ. ಸ್ಟೇನ್‌ಲೆಸ್ ಸ್ಟೀಲಾದರೆ ಟಿಗ್ ವೆಲ್ಡಿಂಗ್ ಮಾಡುವಾಗ ಪೈಪಿನೊಳಗೂ ಆರ್ಗಾನ್ ಹರಿಸುತ್ತಾರೆ. ಇಲ್ಲದಿದ್ದರೆ ಒಳಬದಿ ಸುಟ್ಟು ಕರಿ ಹರಳುಗಟ್ಟುತ್ತದೆ. ಯಾರ ಕಣ್ಣಿಗೂ ಬೀಳದ ಆ ಒಳಬದಿಗೆ ತೋರುವ ಕಾಳಜಿಯೇ ಒಳ್ಳೆಯ ಕಸುಬುದಾರನ ಗುರುತು.

ಗಾಳಿಯ ಕಡೆ ಬಂದರೆ, ಹೊಳೆಯುವ ಕೋನ್ ಫಿಲ್ಟರ್‌ನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕಂಪನಿಯ ಏರ್ ಬಾಕ್ಸ್ ಸಾಮಾನ್ಯವಾಗಿ ಗ್ರಿಲ್‌ನ ಬಳಿಯ ತಂಪು ಗಾಳಿಯನ್ನೇ ಎಳೆಯುತ್ತದೆ. ಬಾನೆಟ್ಟಿನಡಿ ತೆರೆದಿಟ್ಟ ಫಿಲ್ಟರ್ ಎಂಜಿನ್ನಿನ ಬಿಸಿಗಾಳಿ ಕುಡಿಯುತ್ತದೆ. ಬಿಸಿಗಾಳಿಯಲ್ಲಿ ಆಮ್ಲಜನಕ ತೆಳು, ಇದ್ದ ಶಕ್ತಿಯೂ ತಗ್ಗಬಹುದು.

ಟರ್ಬೊ ಇಲ್ಲದ ಕಾರಿಗೆ ಇದೆಲ್ಲದರಿಂದ ಸಿಗುವುದು ಬೆರಳೆಣಿಕೆಯ ಬಿಎಚ್‌ಪಿ. ಅದೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯುವನ್ನು ಹೊಸ ಉಸಿರಾಟಕ್ಕೆ ಹೊಂದಿಸಿದರೆ. ಟರ್ಬೊ ಕಾರಿನಲ್ಲಿ ಲಾಭ ಇನ್ನೂ ದೊಡ್ಡದು. ಆದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ ಪಡೆದ ಶಕ್ತಿ ಕಾನೂನಿಗೂ ನಮ್ಮ ಶ್ವಾಸಕೋಶಕ್ಕೂ ವಿರುದ್ಧ.

ಲಾಭ ನಿಜವೇ ಎಂದು ತಿಳಿಯಲು, ಶಕ್ತಿ ಅಳೆಯುವ ಡೈನೊ ಉರುಳೆಗಳ ಮೇಲೆ ಕಾರು ಓಡಿಸಿ, ಮುಂಚಿನ ಮತ್ತು ನಂತರದ ಶಕ್ತಿಯ ಗೆರೆಗಳನ್ನು ಒಂದೇ ಹಾಳೆಯಲ್ಲಿ ಕೇಳಿ ಪಡೆಯಬೇಕು. ಒಂದು ಮತ್ತು ನಾಲ್ಕು, ಎರಡು ಮತ್ತು ಮೂರನೆಯ ಸಿಲಿಂಡರ್‌ಗಳ ಪೈಪುಗಳನ್ನು ಮೊದಲು ಜೋಡಿಸಿ ಆಮೇಲೆ ಒಂದಾಗಿಸುವ 4-2-1 ಹೆಡರ್‌ನಲ್ಲಿ ಗೆರೆಯ ತುತ್ತತುದಿಗಿಂತ ನಡುಭಾಗವನ್ನು ನೋಡಬೇಕು. ಘಾಟಿ ಏರುವಾಗ ಗೇರ್ ಇಳಿಸಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.