ಪೋಲಿಯೊ ಪೀಳಿಗೆಯ ನಂತರ ಮುಂದಾಳು ಯಾರು?

ಕನಕಪುರದ ಕಾಡಂಚಿನ ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆಗೆ ಬಂದು ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿಕೊಳ್ಳುವುದು ಒಂದು ದಿನದ ಕೆಲಸವಲ್ಲ. ಮೂಳೆ ಡಾಕ್ಟರು ಇದ್ದರೆ ಕಿವಿ ಡಾಕ್ಟರು ಇರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ವಾಪಸ್ ಹೋಗಿ ಮತ್ತೆ ಬನ್ನಿ ಎನ್ನುವ ಮಾತು ನಡೆಯಲಾರದವರಿಗೆ ಎಷ್ಟು ಭಾರ ಎಂಬುದು, ಹಾಗೆ ವಾಪಸ್ ಹೋಗಿ ಬಂದವರಿಗಷ್ಟೇ ಗೊತ್ತು.

ಅದನ್ನು ಬಲ್ಲವರನ್ನೇ ಈ ಕೆಲಸಕ್ಕೆ ಹಚ್ಚಿದ್ದು ಕರ್ನಾಟಕ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರಂತೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಊರವರ ಬಾಯಲ್ಲಿ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಇವರೂ ವಿಕಲಚೇತನರೇ. ಸಿಗುವುದು ಸಂಬಳವಲ್ಲ, ಗೌರವಧನ. ಸರ್ಕಾರದ ಲೆಕ್ಕದಲ್ಲಿ ಇವರು ನೌಕರರಲ್ಲ, ಆದರೆ ಪಂಚಾಯಿತಿಯಲ್ಲಿ ಇವರು ಒಂದು ವಾರ ಬರದಿದ್ದರೆ ಪಿಂಚಣಿ, ಬಸ್ ಪಾಸ್, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ಅರ್ಜಿಗಳೆಲ್ಲ ಇದ್ದಲ್ಲೇ ಕೂರುತ್ತವೆ.

ಅರ್ಜಿ ಬರೆಯುವುದು ಇವರ ಕೆಲಸದ ಸುಲಭದ ಭಾಗ. ಕಷ್ಟದ್ದು ಮನೆಯೊಳಗಿದ್ದವರನ್ನು ಹುಡುಕುವುದು. 2011ರ ಜನಗಣತಿ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತು. ಆಮೇಲೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ. ಪಟ್ಟಿ ಉದ್ದವಾದ ಮಾತ್ರಕ್ಕೆ ಕಾಣದವರು ಕಾಣಿಸುವುದಿಲ್ಲ, ಯಾರಾದರೂ ಮನೆ ಬಾಗಿಲಿಗೆ ಹೋಗಬೇಕು.

ನಮ್ಮ ಈ ರೇಷ್ಮೆ ಸೀಮೆಯಲ್ಲಿ ಹೀಗೆ ಮನೆಗಳಿಗೆ ಹೋಗುವವರು ಹುಳು ಹಣ್ಣಾಗುವ ಹೊತ್ತಿಗೆ ಹೋಗಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳು ವಾರದಾಚೆಗೆ ಸೊಪ್ಪು ಬಿಡುತ್ತದೆ, ಮೈ ಪಾರದರ್ಶಕವಾಗುತ್ತದೆ. ಅಂಥವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳು ತಟ್ಟೆಯಲ್ಲೇ ನೂಲು ಚೆಲ್ಲುತ್ತದೆ. ಅವತ್ತು ಮನೆಮಂದಿಗೆಲ್ಲ ಕೆಲಸ. ಕಾಲು ಸ್ವಾಧೀನವಿಲ್ಲದ ಹುಡುಗನೂ ನೆಲಕ್ಕೆ ಕೂತು ಸರಸರನೆ ಹುಳು ಆಯುತ್ತಾನೆ. ಬೇರೆ ದಿನ ಕೇಳಿದರೆ ಮನೆಯವರು ‘ಅವನ ಕೈಲಿ ಏನೂ ಆಗಲ್ಲ ಬಿಡಿ ಸಾ’ ಎಂದುಬಿಡುತ್ತಾರೆ. ಆ ಬೆರಳುಗಳನ್ನು ಕಂಡ ಕಾರ್ಯಕರ್ತೆ ಅವನ ಹೆಸರನ್ನು ಪಿಂಚಣಿ ಪಟ್ಟಿಗೆ ಮಾತ್ರವಲ್ಲ, ಸ್ವಉದ್ಯೋಗ ಸಾಲದ ಪಟ್ಟಿಗೂ ಬರೆದುಕೊಳ್ಳುತ್ತಾಳೆ. ನನ್ನ ಪ್ರಕಾರ ಮುಂದಾಳುತನ ಎಂದರೆ ಇದು, ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವುದಲ್ಲ.

ಈ ದಾರಿಗೆ ಹಿರಿಯರಿದ್ದಾರೆ. ಸ್ವತಃ ಪೋಲಿಯೊ ಬಾಧಿತರಾಗಿದ್ದ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಶುರು ಮಾಡಿದ್ದು 1959ರಲ್ಲಿ. ದೃಷ್ಟಿ ಇಲ್ಲದ ಮಹಾಂತೇಶ ಕಿವಡಸಣ್ಣವರ ಹಾಗೂ ನಾಗೇಶ್ 1997ರಲ್ಲಿ ಸಮರ್ಥನಂ ಸಂಸ್ಥೆ ಕಟ್ಟಿದರು. ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಕೆ.ಎಸ್. ರಾಜಣ್ಣ ಬಾಲ್ಯದಲ್ಲೇ ಪೋಲಿಯೊದಿಂದ ಕೈಕಾಲು ಕಳೆದುಕೊಂಡವರು. ರಾಜ್ಯದ ಅಂಗವಿಕಲರ ಆಯುಕ್ತರಾಗಿ ದುಡಿದ ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು.

ಇವರಲ್ಲಿ ಇಬ್ಬರ ಹೆಸರಿನ ಜೊತೆ ಪೋಲಿಯೊ ಬಂದದ್ದು ಆಕಸ್ಮಿಕವಲ್ಲ. ಹಳ್ಳಿಗಳಲ್ಲಿ ಮೂರು ಚಕ್ರದ ಗಾಡಿಯಲ್ಲಿ ಓಡಾಡುತ್ತ ಸಂಘ ಕಟ್ಟಿದವರಲ್ಲೂ ಪೋಲಿಯೊ ತಾಗಿದವರು ಅನೇಕರು. ಕಾಲು ಸೋತಿತ್ತು, ಆದರೆ ಓದು ಸಾಗಿತ್ತು, ಬಾಯಿಗೆ ಮಾತಿತ್ತು, ತಹಸೀಲ್ದಾರರ ಎದುರು ವಾದ ಮಾಡುವ ಗಟ್ಟಿತನವಿತ್ತು. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತ ಪೋಲಿಯೊಮುಕ್ತ ಎನಿಸಿತು. ಇದಕ್ಕಿಂತ ಸಂತೋಷದ ಸುದ್ದಿ ಇನ್ನೊಂದಿಲ್ಲ. ಆದರೆ ಆ ಪೀಳಿಗೆಗೆ ವಯಸ್ಸಾಗುತ್ತಿದೆ. ಇನ್ನು ಮುಂದೆ ಹಳ್ಳಿಗಳಲ್ಲಿ ಹೆಚ್ಚು ಆಸರೆ ಬೇಕಾಗುವುದು ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ ಇರುವ ಮಕ್ಕಳಿಗೆ. ಅವರಲ್ಲಿ ಎಷ್ಟೋ ಮಂದಿ ಕಚೇರಿಗೆ ಬಂದು ವಾದಿಸಲಾರರು.

ಅವರ ಪರವಾಗಿ ಮಾತಾಡಬಲ್ಲವರು ಅಮ್ಮಂದಿರು. ಮಗನಿಗೆ ಹದಿನೆಂಟು ತುಂಬಿದ ಮೇಲೆ ತಾನು ಕಾನೂನಿನ ಪ್ರಕಾರ ಪೋಷಕಳಲ್ಲ ಎಂಬುದು ಮಾಗಡಿಯ ಹಳ್ಳಿಯ ತಾಯಿಗೆ ಬ್ಯಾಂಕಿನಲ್ಲಿ ತಿಳಿಯುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದಕ್ಕೇ ದಾರಿ ಮಾಡಿದೆ: ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆ, ಒಬ್ಬ ವಿಕಲಚೇತನರು ಇರುವ ಸ್ಥಳೀಯ ಸಮಿತಿ ಪೋಷಕತ್ವದ ಪತ್ರ ಕೊಡುತ್ತದೆ. ಹೀಗೊಂದು ಸಮಿತಿ ಇದೆ ಎಂದು ಆಕೆಗೆ ಹೇಳಬೇಕಾದವರು ಯಾರು? ಪತ್ರ ಪಡೆದ ಇನ್ನೊಬ್ಬ ತಾಯಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಆದರೆ ಆ ತಾಯಿ ಮಗನನ್ನು ಬಿಟ್ಟು ಮನೆಯಿಂದ ಹೊರಡುವಂತಿಲ್ಲ. ಒಂದು ಮಧ್ಯಾಹ್ನ ಮಗನನ್ನು ನೋಡಿಕೊಳ್ಳಲು ಯಾರಾದರೂ ಸಿಕ್ಕರೆ ಮಾತ್ರ ಆಕೆ ಇನ್ನೊಂದು ಮನೆಗೆ ಹೋದಾಳು.

ಪಂಚಾಯಿತಿಗಳಲ್ಲಿ ವಿಕಲಚೇತನರಿಗೆಂದು ಶೇ 5ರ ಅನುದಾನವಿದೆ. ಎಷ್ಟೋ ಕಡೆ ಅದು ವರ್ಷದ ಕೊನೆಯಲ್ಲಿ ತರಾತುರಿಯ ಸಾಮಗ್ರಿ ಖರೀದಿಗೆ ಮುಗಿಯುತ್ತದೆ. ಅದರಲ್ಲಿ ಒಂದು ಪಾಲನ್ನು ತಾಯಂದಿರು ಸೇರುವ ದಿನ ಮಕ್ಕಳನ್ನು ನೋಡಿಕೊಳ್ಳುವವರಿಗೆ, ತಾಯಂದಿರ ಪ್ರಯಾಣಕ್ಕೆ ಇಡಬಹುದು. ವಿಕಲಚೇತನರ ಸಮನ್ವಯ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಡಾವಳಿಗೆ ಬರೆಸಬೇಕು. ಬರೆಸುವುದು ಹೇಗೆಂದು ಇಂದಿನ ವಿಆರ್‌ಡಬ್ಲ್ಯುಗಳಿಗೆ ಗೊತ್ತು. ಅವರು ನಿವೃತ್ತರಾಗುವ ಮೊದಲೇ ಅಮ್ಮಂದಿರನ್ನು ಜೊತೆಗೆ ಕೂರಿಸಿಕೊಂಡು ಕಲಿಸಬೇಕು. ಹಾಗೆ ಕಲಿಸುವವರ ಗೌರವಧನ ತಿಂಗಳು ತಿಂಗಳು ತಪ್ಪದೆ ಕೈಸೇರುವಂತೆ ಸರ್ಕಾರ ನೋಡಿಕೊಳ್ಳಬೇಕು.