ಮರಾಠವಾಡದ ಸಂವಾದ ಸಹಾಯಕಿಯರು

ಗ್ರಾಮೀಣ ಮಹಿಳೆಯರನ್ನು ಪರಿಹಾರ ಪಡೆಯುವವರ ಸಾಲಿನಿಂದ ಪುನರ್ವಸತಿಯ ಹೊಣೆ ಹೊರುವವರ ಸಾಲಿಗೆ ತಂದ ಭಾರತೀಯ ಸಂಸ್ಥೆಗಳಲ್ಲಿ, ಪ್ರೇಮಾ ಗೋಪಾಲನ್ ಅವರು ಕಟ್ಟಿದ ‘ಸ್ವಯಂ ಶಿಕ್ಷಣ ಪ್ರಯೋಗ’ವು ಪ್ರಮುಖವಾದುದು. ಅದರ ಕಾರ್ಯವಿಧಾನವು ರೂಪುಗೊಂಡದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮರಾಠವಾಡದ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ನಂತರ.

ಸಾವಿಗೆ ಮುಖ್ಯ ಕಾರಣ ಮನೆಗಳ ರಚನೆಯೇ ಆಗಿತ್ತು. ಕಾಡುಗಲ್ಲನ್ನು ಕೆಸರುಮಣ್ಣಿನಲ್ಲಿ ಕೂರಿಸಿ ಕಟ್ಟಿದ ದಪ್ಪ ಗೋಡೆಗಳ ಒಳಮುಖ ಹೊರಮುಖಗಳನ್ನು ಬಂಧಿಸುವ ಉದ್ದನೆಯ ಅಡ್ಡಗಲ್ಲುಗಳು ಇಲ್ಲದಿದ್ದುದರಿಂದ, ನೆಲ ನಡುಗಿದಾಗ ಗೋಡೆಗಳು ಸೀಳಿಕೊಂಡು, ಭಾರವಾದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಉಳಿದ ಮನೆಗಳನ್ನು ಭದ್ರಪಡಿಸಲು ಮಾಳಿಗೆಯ ಮಣ್ಣನ್ನು ಕಡಿಮೆ ಮಾಡುವುದು, ಗೋಡೆಯಲ್ಲಿ ರಂಧ್ರ ಕೊರೆದು ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿ ಎರಡೂ ಮುಖಗಳನ್ನು ಬೆಸೆಯುವುದು, ಗೋಡೆಯ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟುವುದು ಮುಂತಾದ ಕ್ರಮಗಳು ಬೇಕಾಗಿದ್ದವು.

ಇದಕ್ಕಾಗಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಮನೆ ದುರಸ್ತಿ ಕಾರ್ಯಕ್ರಮದಲ್ಲಿ ಹಣ ಕಂತುಗಳಲ್ಲಿ ಬರುತ್ತಿತ್ತು, ದುರಸ್ತಿಯನ್ನು ಮನೆಯವರೇ ಮಾಡಿಸಬೇಕಾಗಿತ್ತು. ಜನರನ್ನು ಜೊತೆಗೆ ಕೊಂಡೊಯ್ಯುವ ಹೊಣೆಯನ್ನು ಸರ್ಕಾರವು ಈ ಸಂಸ್ಥೆಗೆ ವಹಿಸಿದಾಗ, ಹಳ್ಳಿಗಳ ಮಹಿಳಾ ಮಂಡಲಗಳಿಂದ ‘ಸಂವಾದ ಸಹಾಯಕ’ರೆಂಬ ಕಾರ್ಯಕರ್ತೆಯರು ಆಯ್ಕೆಯಾದರು. ಎಂಜಿನಿಯರ್ ಮತ್ತು ಮನೆಯವರ ನಡುವಿನ ಕೊಂಡಿಯಾಗಿದ್ದ ಇವರು ಯೋಜನೆಯ ನಿಯಮಗಳನ್ನು ಮನೆಮನೆಗೆ ತಿಳಿಸಿ, ಭದ್ರ ನಿರ್ಮಾಣದ ವಿಧಾನಗಳನ್ನು ಕಲಿತು, ಗೌಂಡಿಗಳ ಕೆಲಸದ ಮೇಲೆ ಕಣ್ಣಿಟ್ಟರು. ಅದುವರೆಗೆ ಗಂಡಸರದೆಂದೇ ತಿಳಿಯಲಾಗಿದ್ದ ಕಟ್ಟಡ ಕೆಲಸದ ತಿಳಿವಳಿಕೆಯೇ ಅವರಿಗೆ ಊರಿನಲ್ಲಿ ಮಾತಿನ ಬೆಲೆ ತಂದುಕೊಟ್ಟಿತು.

2001ರ ಜನವರಿ 26ರಂದು ಕಚ್ಛ್‌ನಲ್ಲಿ ಭೂಕಂಪವಾದಾಗ ಲಾತೂರಿನ ಮಹಿಳೆಯರು ಅಲ್ಲಿಗೆ ತೆರಳಿ ಸಂತ್ರಸ್ತರಿಗೆ ತಮ್ಮ ಅನುಭವವನ್ನು ಧಾರೆಯೆರೆದರೆ, 2004ರ ಸುನಾಮಿಯ ಬಳಿಕ ಸಂಸ್ಥೆಯ ಕೆಲಸವು ತಮಿಳುನಾಡಿನ ಕರಾವಳಿಯನ್ನೂ ತಲುಪಿತು. ಮುಂದೆ ಮರಾಠವಾಡದಲ್ಲಿ ಬರಗಾಲ ಮರುಕಳಿಸಿದಾಗ ಸಂಸ್ಥೆಯು, ಕುಟುಂಬದ ಜಮೀನಿನಲ್ಲಿ ಒಂದು ಎಕರೆಯಷ್ಟನ್ನು ಮಹಿಳೆಯ ನಿರ್ಧಾರಕ್ಕೆ ಬಿಟ್ಟು, ಕಡಿಮೆ ನೀರು ಬೇಡುವ ಆಹಾರ ಬೆಳೆಗಳನ್ನು ಬೆಳೆಯುವ ಪದ್ಧತಿಯನ್ನು ಹರಡಿತು. 2016ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು.

ಲಾತೂರಿಗೆ ಹೊಂದಿಕೊಂಡಿರುವ ಬೀದರ್ ಜಿಲ್ಲೆಯಲ್ಲಿಯೂ ಕಲ್ಲುಮಣ್ಣಿನ ಮನೆಗಳಿವೆ, ಸ್ವಸಹಾಯ ಸಂಘಗಳೂ ಇವೆ. ಆ ಸಂಘಗಳ ಮಹಿಳೆಯರಿಗೆ ತಾಂತ್ರಿಕ ತರಬೇತಿಯನ್ನೂ ಮೇಲ್ವಿಚಾರಣೆಯ ಅಧಿಕಾರವನ್ನೂ ವಿಕೋಪ ಬರುವ ಮುನ್ನವೇ ನೀಡುವ ಕೆಲಸವನ್ನು ಗ್ರಾಮ ಪಂಚಾಯಿತಿಗಳು ಕೈಗೆತ್ತಿಕೊಳ್ಳಬೇಕು.